ಡೀಸೆಲ್ಲೋ, ಗ್ಯಾಸೋ? ಚಾರ್ಮಾಡಿ ಘಾಟಿಯಲ್ಲಿ ಓಡಿಸಿ ನೋಡಿದ ಎರಡು ಇಂಟ್ರಾ

ಪಿಕಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಮೈಲೇಜ್. ಮಲೆನಾಡಿನಲ್ಲಿ ಗಾಡಿ ಓಡಿಸುವವರು ಅದಕ್ಕೂ ಮೊದಲು ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮ ಲೋಡ್ ಘಾಟಿ ಇಳಿಯುತ್ತದೋ, ಹತ್ತುತ್ತದೋ? ವಾಪಸ್ ಬರುವಾಗ ಗಾಡಿ ಖಾಲಿಯೋ, ತುಂಬಿರುತ್ತದೋ? ಇವಕ್ಕೆ ಉತ್ತರ ಸಿಕ್ಕರೆ ಯಾವ ಎಂಜಿನ್ ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ನಮ್ಮದು ಮೂಡಿಗೆರೆ ಕಡೆ. ಶುಂಠಿ, ಬಾಳೆಗೊನೆ, ಹಸಿಮೆಣಸಿನಕಾಯಿ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತವೆ. ಈ ಸಲ ಹೊಸ ಗಾಡಿ ಬೇಕಾಯಿತು. ಭಾವನ ಹತ್ತಿರ ಟಾಟಾ ಇಂಟ್ರಾ ವಿ30 ಇದೆ, ಡೀಸೆಲ್. ಮಂಗಳೂರಿನ ಗೆಳೆಯನ ಹತ್ತಿರ ಇಂಟ್ರಾ ವಿ20 ಇದೆ, ಗ್ಯಾಸ್ (ಸಿಎನ್‌ಜಿ) ಮತ್ತು ಪೆಟ್ರೋಲ್ ಎರಡರಲ್ಲೂ ಓಡುವಂಥದ್ದು. ಎರಡನ್ನೂ ಕೇಳಿ ತಂದು, ನಮ್ಮದೇ ಮೂಟೆ ಹೇರಿ, ಒಂದೇ ದಾರಿಯಲ್ಲಿ ಓಡಿಸಿದೆ. ಕ್ಯಾಬಿನ್, ಸೀಟು, ಸ್ಟೇರಿಂಗ್, ಗೇರ್ ಲಿವರ್ ಎಲ್ಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ವ್ಯತ್ಯಾಸ ಕಾಣುವುದು ಎಂಜಿನ್ನಿನಲ್ಲೇ.

ಮೊದಲು ಕಂಪನಿ ಹೇಳುವ ಲೆಕ್ಕ ನೋಡಿಬಿಡೋಣ. ವಿ30ರದ್ದು 1,496 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ. 70 ಎಚ್‌ಪಿ, 140 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. 1,300 ಕೆಜಿ ಹೊರಬಹುದು. 2022ರಲ್ಲಿ ಬಂದ ವಿ20ರದ್ದು 1,199 ಸಿಸಿ, ಮೂರು ಸಿಲಿಂಡರ್, ಟರ್ಬೊ ಇಲ್ಲ. ಪೆಟ್ರೋಲ್‌ನಲ್ಲಿ 58 ಎಚ್‌ಪಿ, 106 ಎನ್‌ಎಂ. ಗ್ಯಾಸ್‌ನಲ್ಲಿ 53 ಎಚ್‌ಪಿ, 95 ಎನ್‌ಎಂ. ಹೊರುವುದು 1,000 ಕೆಜಿ.

ಒಂದೇ ಎಂಜಿನ್ ಗ್ಯಾಸ್‌ನಲ್ಲಿ ಯಾಕೆ ಸೊರಗುತ್ತದೆ ಅಂತ ಹಲವರು ಕೇಳುತ್ತಾರೆ. ಪೆಟ್ರೋಲ್ ಸಣ್ಣ ಹನಿಯಾಗಿ ಒಳಗೆ ಹೋಗುತ್ತದೆ, ಜಾಗ ಕಡಿಮೆ ಸಾಕು. ಸಿಎನ್‌ಜಿ ಅನಿಲ ರೂಪದಲ್ಲೇ ಹೋಗುತ್ತದೆ. ಅದು ಹಿಡಿದ ಜಾಗದಷ್ಟು ಗಾಳಿ ಒಳಗೆ ಬರುವುದಿಲ್ಲ. ಗಾಳಿ ಕಡಿಮೆಯಾದರೆ ಉರಿಯುವುದೂ ಕಡಿಮೆ. ಇದರ ಜೊತೆ ನಮ್ಮ ಊರಿನ ಎತ್ತರವೂ ಸೇರುತ್ತದೆ. ಮೂಡಿಗೆರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯೇ ಸ್ವಲ್ಪ ತೆಳು. ಟರ್ಬೊ ಇರುವ ಡೀಸೆಲ್‌ಗೆ ಅದು ಗೊತ್ತೇ ಆಗುವುದಿಲ್ಲ, ಒತ್ತಿ ತುಂಬಿಸಿಕೊಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಗೊತ್ತಾಗುತ್ತದೆ.

ಲೋಡ್ ಹೊತ್ತು ಇಳಿಯುವಾಗ ಎರಡರಲ್ಲೂ ನನಗೆ ತೊಂದರೆ ಕಾಣಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬ್ರೇಕ್ ಒಮ್ಮೆ ನೋಡಿಕೊಂಡು, ಎರಡನೇ ಗೇರ್‌ನಲ್ಲಿ ಬಿಟ್ಟರೆ ಎರಡೂ ಗಾಡಿ ಹಿಡಿದುಕೊಂಡೇ ಇಳಿಯುತ್ತವೆ. ಎಕ್ಸಲೇಟರ್‌ನಿಂದ ಕಾಲು ತೆಗೆದರೆ ವಿ20 ಚೆನ್ನಾಗಿಯೇ ತಡೆಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಎಣ್ಣೆ ಉಳಿಸುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಗೇರ್‌ನಲ್ಲಿ ಇಳಿಯುವಾಗ ಇಂಜೆಕ್ಟರ್ ಎಣ್ಣೆಯನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲೇ ಎಂಜಿನ್ ಆಫ್ ಆಗದಿರಲಿ ಅಂತ ಎಣ್ಣೆ ಉರಿಸಬೇಕಾಗುವುದು. ಉಳಿತಾಯವೂ ಇಲ್ಲ, ಬ್ರೇಕ್ ಬಿಸಿಯಾಗಿ ಕೈ ಕೊಡುವ ಭಯ ಬೇರೆ.

ಹತ್ತುವಾಗ ಬಂತು ನೋಡಿ ನಿಜವಾದ ಪರೀಕ್ಷೆ. ಮಂಗಳೂರಿನಿಂದ ವಾಪಸ್ ಬರುವಾಗ ನಾವು ಸುಮ್ನೆ ಖಾಲಿ ಬರುವವರಲ್ಲ. ಹೆಂಚು, ತೆಂಗಿನಕಾಯಿ, ಹಿಂಡಿ ಮೂಟೆ, ಏನಾದರೊಂದು ಇರುತ್ತದೆ. ವಿ20ರಲ್ಲಿ ಹಿಂಡಿ ತುಂಬಿಕೊಂಡು ಗ್ಯಾಸ್‌ನಲ್ಲಿ ಹತ್ತಿದೆ. ಚಾರ್ಮಾಡಿ ಊರು ದಾಟಿ ಮೊದಲ ತಿರುವುಗಳಲ್ಲಿ ಎರಡನೇ ಗೇರ್ ಸಾಕಾಗುತ್ತಿತ್ತು. ಮೇಲೆ ಹೋದಂತೆ ಮುಂದೊಂದು ಕೆಂಪು ಬಸ್ಸು ಸಿಕ್ಕಿತು. ಅದು ಹೇರ್‌ಪಿನ್‌ನಲ್ಲಿ ಎದುರಿನ ಗಾಡಿಗೆ ಜಾಗ ಬಿಡಲು ನಿಂತಿತು, ನಾನೂ ನಿಂತೆ. ಮತ್ತೆ ಎತ್ತಬೇಕು. ಒಂದನೇ ಗೇರ್, ಹಾಫ್ ಕ್ಲಚ್, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಬಿಟ್ಟೆ. ಎಂಜಿನ್ ಜೋರಾಗಿ ಕೂಗಿತು, ಗಾಡಿ ಮಾತ್ರ ಅರೆಮನಸ್ಸಿನಿಂದ ಹೊರಟಿತು. ಎರಡನೇ ಗೇರ್‌ಗೆ ಹಾಕಿದ ಕೂಡಲೇ ಉಸಿರು ಬಿಟ್ಟಿತು. ಆಗ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಪೆಟ್ರೋಲ್‌ಗೆ ಬದಲಾಯಿಸಿದೆ. ಒಂದು ಕ್ಷಣ ಏನೂ ಗೊತ್ತಾಗುವುದಿಲ್ಲ, ಆಮೇಲೆ ಕಾಲ ಕೆಳಗೆ ಸ್ವಲ್ಪ ಜೀವ ಬರುತ್ತದೆ. ಅದೇ ಏರನ್ನು ಎರಡನೇ ಗೇರ್‌ನಲ್ಲೇ ಹತ್ತಿತು. 11 ಎನ್‌ಎಂ ಅಂದರೆ ಕಾಗದದ ಮೇಲೆ ಏನೂ ಅಲ್ಲ ಅನ್ನಿಸುತ್ತದೆ. ಲೋಡ್ ಹೊತ್ತ ಏರಿನಲ್ಲಿ ಅದು ಒಂದು ಗೇರಿನಷ್ಟು ಲೆಕ್ಕಕ್ಕೆ ಬರುತ್ತದೆ.

ವಿ30 ಅದೇ ಜಾಗದಲ್ಲಿ ಬೇರೆಯೇ ಗಾಡಿ. ಅದರ ಪೂರ್ತಿ ಟಾರ್ಕ್ 1,800 ಆರ್‌ಪಿಎಂಗೇ ಬಂದು 3,000ದ ತನಕ ಇರುತ್ತದೆ. ಅಂದರೆ ಎಂಜಿನ್ ಕೂಗಿಸುವ ಅಗತ್ಯವೇ ಇಲ್ಲ. ಇನ್ನೂ ಜಾಸ್ತಿ ತೂಕ ಹಾಕಿಕೊಂಡಿದ್ದರೂ ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಬಿಟ್ಟಂತೆ ಮುಂದಕ್ಕೆ ಹೋಯಿತು. ಕ್ಲಚ್ ವಾಸನೆ ಬರಲಿಲ್ಲ. ಮಳೆಗಾಲದಲ್ಲಿ ಮಂಜು ಮುಸುಕಿ ಮುಂದಿನ ಗಾಡಿಯ ಕೆಂಪು ದೀಪ ಮಾತ್ರ ಕಾಣುವಾಗ, ಪದೇ ಪದೇ ನಿಂತು ಹೊರಡಬೇಕಾಗುತ್ತದೆ. ಆಗ ಈ ಒಂದು ಗುಣಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ವಿ30ರಲ್ಲಿ ಇಕೋ ಅಂತ ಒಂದು ಬಟನ್ ಇದೆ. ಬಯಲಲ್ಲಿ ಒತ್ತಿಡಿ, ಘಾಟಿ ಶುರುವಾಗುವ ಮೊದಲು ತೆಗೆಯಿರಿ.

ಈಗ ದುಡ್ಡಿನ ಮಾತು. ನಮ್ಮಲ್ಲಿ ಶುಂಠಿ 60 ಕೆಜಿ ಮೂಟೆಯ ಲೆಕ್ಕ. ವಿ30ರಲ್ಲಿ ಕಾನೂನಿನ ಮಿತಿಯೊಳಗೆ 21 ಮೂಟೆ ಹೋಗುತ್ತದೆ, ವಿ20ರಲ್ಲಿ 16. ಪೂರ್ತಿ ಲೋಡಿನಲ್ಲಿ, ಘಾಟಿಯೂ ಬಯಲೂ ಸೇರಿ, ವಿ30 ನನಗೆ ಲೀಟರ್‌ಗೆ ಹದಿಮೂರೂವರೆ ಕಿಲೋಮೀಟರ್ ಹತ್ತಿರ ಕೊಟ್ಟಿತು. ವಿ20 ಒಂದು ಕೆಜಿ ಗ್ಯಾಸ್‌ಗೆ 17, ಪೆಟ್ರೋಲ್‌ನಲ್ಲಿ ಹನ್ನೆರಡೂವರೆ. 2025ರಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿದ ಮೇಲೆ ಡೀಸೆಲ್ ಲೀಟರ್‌ಗೆ 91 ರೂಪಾಯಿ ಆಸುಪಾಸಿಗೆ ಬಂತು. ಸಿಎನ್‌ಜಿ ಕೆಜಿಯನ್ನು 90, ಪೆಟ್ರೋಲ್ ಲೀಟರನ್ನು 103 ಅಂತ ಇಟ್ಟುಕೊಳ್ಳೋಣ. ಕಿಲೋಮೀಟರ್‌ಗೆ ಡೀಸೆಲ್ 6 ರೂಪಾಯಿ 75 ಪೈಸೆ, ಗ್ಯಾಸ್ 5 ರೂಪಾಯಿ 30 ಪೈಸೆ. ಇಲ್ಲಿಗೇ ನಿಲ್ಲಿಸಿದರೆ ಗ್ಯಾಸ್ ಗೆದ್ದಿತು. ಶೋರೂಮಿನವರೂ ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ನಮಗೆ ಬಾಡಿಗೆ ಸಿಗುವುದು ಮೂಟೆಗೆ ಅಲ್ವಾ? ಒಂದು ಮೂಟೆಯನ್ನು ಒಂದು ಕಿಲೋಮೀಟರ್ ಸಾಗಿಸಲು ವಿ30ಕ್ಕೆ ಸುಮಾರು 32 ಪೈಸೆ ಎಣ್ಣೆ, ವಿ20ಕ್ಕೆ ಸುಮಾರು 33 ಪೈಸೆ ಗ್ಯಾಸ್. ಸಮ ಸಮ. ಪೆಟ್ರೋಲ್‌ನಲ್ಲಿ ಓಡಿಸಿದರೆ ಮೂಟೆಗೆ 50 ಪೈಸೆ ದಾಟುತ್ತದೆ, ಆ ಮಾತೇ ಬೇಡ. ಗಾಡಿ ಅರ್ಧ ಮಾತ್ರ ತುಂಬುವ ದಿನ ಲೆಕ್ಕ ಉಲ್ಟಾ ಆಗುತ್ತದೆ. ಇದೇ ಮೈಲೇಜ್ ಹಿಡಿದರೂ, ಹತ್ತೇ ಮೂಟೆ ಇದ್ದರೆ ಡೀಸೆಲ್‌ಗೆ ಮೂಟೆಗೆ ಸುಮಾರು 67 ಪೈಸೆ, ಗ್ಯಾಸ್‌ಗೆ 53. ಅಂದರೆ ವಾರವಿಡೀ ಗಾಡಿ ತುಂಬಿ ಓಡುವವರಿಗೆ ಗ್ಯಾಸ್‌ನಿಂದ ಉಳಿಯುವುದು ಏನೂ ಇಲ್ಲ. ಅರ್ಧಂಬರ್ಧ ಲೋಡ್ ಹಾಕಿಕೊಂಡು ದಿನವಿಡೀ ಸುತ್ತುವವರಿಗೆ ಚೆನ್ನಾಗಿ ಉಳಿಯುತ್ತದೆ. ಈ ಮೂಟೆ ಲೆಕ್ಕ ಹಾಕುವ ತನಕ ನನ್ನ ಮನಸ್ಸೂ ಗ್ಯಾಸ್ ಕಡೆಗೇ ವಾಲಿತ್ತು.

ಗ್ಯಾಸ್ ತುಂಬಿಸುವುದರ ಬಗ್ಗೆಯೂ ಸ್ವಲ್ಪ ಹೇಳಬೇಕು. ಸಿಎನ್‌ಜಿಯನ್ನು ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ಪೈಪ್‌ಲೈನ್ ಇರುವ ಬಂಕ್‌ನಲ್ಲಿ ಒತ್ತಡ ಸರಿಯಾಗಿ ಸಿಗುತ್ತದೆ. ಲಾರಿಯಲ್ಲಿ ಸಿಲಿಂಡರ್‌ಗಳ ಸಾಲು ತಂದು ನಿಲ್ಲಿಸಿ ತುಂಬಿಸುವ ಬಂಕ್‌ನಲ್ಲಿ, ಲಾರಿ ಖಾಲಿಯಾಗುತ್ತಾ ಬಂದಂತೆ ಒತ್ತಡ ಇಳಿಯುತ್ತದೆ. ಅರ್ಧ ತುಂಬಿದರೂ ಮೀಟರ್ ನಿಂತುಬಿಡುತ್ತದೆ. ಅಲ್ಲಿ ಕ್ಯೂನಲ್ಲಿ ಕಳೆಯುವ ಹೊತ್ತು ಬಾಡಿಗೆ ಗಾಡಿಯವರಿಗೆ ನಷ್ಟವೇ. ಗೆಳೆಯ ಮಂಗಳೂರಿನಲ್ಲೇ ಇರುವುದರಿಂದ ಅವನಿಗೆ ರಾತ್ರಿ ತುಂಬಿಸಿಟ್ಟುಕೊಳ್ಳುವ ಅನುಕೂಲ ಇದೆ. ಮೇಲಿನ ತೋಟದ ಊರಿನಲ್ಲಿ ಗಾಡಿ ನಿಲ್ಲಿಸುವ ನಮಗೆ ಇಲ್ಲ. ವಿ20ರಲ್ಲಿ ಒಂದು ಸಮಾಧಾನ ಅಂದರೆ ಪೆಟ್ರೋಲ್ ಟ್ಯಾಂಕ್ 35 ಲೀಟರ್‌ನದ್ದು. ಗ್ಯಾಸ್ ಮುಗಿದರೂ ಘಾಟಿಯ ನಡುವೆ ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ. ಮಾರುತಿ ಸೂಪರ್ ಕ್ಯಾರಿ ಸಿಎನ್‌ಜಿಯಲ್ಲಿ ಪೆಟ್ರೋಲ್ ಟ್ಯಾಂಕ್ ಬರೀ 5 ಲೀಟರ್. ಅದು ಪಟ್ಟಣಕ್ಕೆ ಸರಿ, ನಮ್ಮ ದಾರಿಗೆ ಸಾಲದು.

ಡೀಸೆಲ್ ಬಗ್ಗೆ ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳಲೇಬೇಕು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂತು. ಈಗಿನ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಹಿಡಿದ ಮಸಿಯನ್ನು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಹೊಗೆ 600 ಡಿಗ್ರಿ ಹತ್ತಿರ ಬಿಸಿಯಾಗಬೇಕು, ಅಂದರೆ ಗಾಡಿ ಒಂದೇ ಹದದಲ್ಲಿ ಸ್ವಲ್ಪ ದೂರ ಓಡಬೇಕು. ನಮ್ಮ ಪಕ್ಕದ ಎಸ್ಟೇಟಿನಲ್ಲಿ ಒಂದು ಡೀಸೆಲ್ ಪಿಕಪ್ ಇದೆ. ತೋಟದಿಂದ ಕಣಕ್ಕೆ, ಕಣದಿಂದ ಗೋಡೌನಿಗೆ, ಅಷ್ಟೇ ಅದರ ಓಡಾಟ. ಎಂಜಿನ್ ಬಿಸಿಯಾಗುವ ಮೊದಲೇ ಆಫ್. ಆ ಗಾಡಿಯಲ್ಲಿ ಫಿಲ್ಟರಿನ ದೀಪ ಹತ್ತುತ್ತಲೇ ಇರುತ್ತದೆ. ಅಂಥ ಕೆಲಸಕ್ಕೆ ಈಗಿನ ಡೀಸೆಲ್ ಬೇಡವೇ ಬೇಡ, ಪೆಟ್ರೋಲ್ ಗಾಡಿಯೇ ಒಳ್ಳೆಯದು. ದಿನಕ್ಕೆ ಓಡುವುದೇ ಕಡಿಮೆ ಇರುವಾಗ ಪೆಟ್ರೋಲ್ ದುಬಾರಿ ಅನ್ನುವುದು ದೊಡ್ಡ ಲೆಕ್ಕವೂ ಅಲ್ಲ. ದೀಪ ಹತ್ತಿದಾಗ ಫಿಲ್ಟರನ್ನೇ ತೆಗೆಸಿಬಿಡಿ ಅನ್ನುವ ಮೆಕ್ಯಾನಿಕ್‌ಗಳ ಮಾತು ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ಹಿಂದೆ ಬರುವವರ ಮೂಗಿಗೂ ಅನ್ಯಾಯ.

ಸರ್ವಿಸ್ ವಿಷಯದಲ್ಲಿ ಗ್ಯಾಸ್ ಎಂಜಿನ್ ಸುಲಭ ಅನ್ನುವುದು ಅರ್ಧ ಸತ್ಯ. ಆಯಿಲ್ ಡೀಸೆಲ್‌ನಷ್ಟು ಬೇಗ ಕಪ್ಪಾಗುವುದಿಲ್ಲ, ದುಬಾರಿ ಡೀಸೆಲ್ ಇಂಜೆಕ್ಟರ್‌ಗಳ ಚಿಂತೆ ಇಲ್ಲ, ನಿಜ. ಆದರೆ ಸ್ಪಾರ್ಕ್ ಪ್ಲಗ್ ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು, ವಾಲ್ವ್ ಕಡೆ ಗಮನ ಇರಬೇಕು. ಮೂರು ವರ್ಷಕ್ಕೊಮ್ಮೆ ಗ್ಯಾಸ್ ಸಿಲಿಂಡರಿಗೆ ನೀರಿನ ಒತ್ತಡದ ಪರೀಕ್ಷೆ ಕಡ್ಡಾಯ. ಸೆಕೆಂಡ್ ಹ್ಯಾಂಡ್ ಗ್ಯಾಸ್ ಗಾಡಿ ನೋಡುವವರು ಮೊದಲು ಆ ಪರೀಕ್ಷೆಯ ತಾರೀಖು ನೋಡಿ, ಪೇಂಟು ಆಮೇಲೆ ನೋಡಿದರಾಯಿತು.

ನಾನು ವಿ30ಕ್ಕೇ ಅಡ್ವಾನ್ಸ್ ಕೊಟ್ಟೆ. ನಮ್ಮ ಗಾಡಿ ಹೋಗುವಾಗಲೂ ತುಂಬಿರುತ್ತದೆ, ಬರುವಾಗಲೂ ತುಂಬಿರುತ್ತದೆ. ಬರುವ ಲೋಡ್ ಪೂರ್ತಿ ಏರಬೇಕು. ವಿ50 ಕೂಡ ಅದೇ 1,496 ಸಿಸಿ ಎಂಜಿನ್ನಿನಲ್ಲಿ 80 ಎಚ್‌ಪಿ, 220 ಎನ್‌ಎಂ ಕೊಡುತ್ತದೆ, 1,500 ಕೆಜಿ ಹೊರುತ್ತದೆ. ಮನಸ್ಸಾಗಿತ್ತು. ಆದರೆ ನಮಗೆ 21 ಮೂಟೆ ಸಾಕು, ಅದರ ಮೇಲಿನ ಕಂತು ಬೇಡ ಅನ್ನಿಸಿತು. ಗೆಳೆಯ ವಿ20 ಬಿಡುವುದಿಲ್ಲ, ಬಿಡಲೂ ಬಾರದು. ಅವನದು ಬಂದರು ಕಡೆಯಿಂದ ಅಂಗಡಿ ಅಂಗಡಿಗೆ ಸರಕು ಹಾಕುವ ಕೆಲಸ. ಬೆಳಿಗ್ಗೆ ತುಂಬಿದ ಗಾಡಿ ಮಧ್ಯಾಹ್ನಕ್ಕೆ ಅರ್ಧ, ಸಂಜೆಗೆ ಖಾಲಿ. ಬಂಕ್ ಮನೆ ಹತ್ತಿರ. ಅಲ್ಲಿ ನನ್ನ ಡೀಸೆಲ್ ಓಡಿಸಿದರೆ ದುಡ್ಡು ಸುರಿದ ಹಾಗೆ.

ನೀವು ಟ್ರಯಲ್‌ಗೆ ಹೋಗುವವರಾದರೆ ಶೋರೂಮಿನ ಮುಂದಿನ ಸಮ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ ಬರಬೇಡಿ. ಲೋಡ್ ಹಾಕಿ ಏರಿನಲ್ಲಿ ಓಡಿಸಬೇಕು ಅಂತ ಮೊದಲೇ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಊರಲ್ಲಿ ಆ ಗಾಡಿ ಇಟ್ಟುಕೊಂಡವರನ್ನು ಹುಡುಕಿ, ಒಂದು ದಿನದ ಬಾಡಿಗೆ ಕೊಟ್ಟು ನಿಮ್ಮ ಮೂಟೆಯನ್ನೇ ಸಾಗಿಸಿ ನೋಡಿ. ಏರಿನ ನಡುವೆ ಬೇಕಂತಲೇ ಒಮ್ಮೆ ನಿಲ್ಲಿಸಿ, ಮತ್ತೆ ಎತ್ತಿ. ಗ್ಯಾಸ್ ಗಾಡಿಯಾದರೆ ಇದನ್ನು ಗ್ಯಾಸ್‌ನಲ್ಲೊಮ್ಮೆ, ಪೆಟ್ರೋಲ್‌ನಲ್ಲೊಮ್ಮೆ ಮಾಡಿ.