ಐಸಿಯು ಬಾಗಿಲಿಗೆ ಹೋಗುವ ಮೊದಲು: ಮುಂಗಡ ವೈದ್ಯಕೀಯ ನಿರ್ದೇಶನ ಎಷ್ಟು ಕೆಲಸಕ್ಕೆ ಬರುತ್ತದೆ?

ಮನೆಯ ಹಿರಿಯರು ವೆಂಟಿಲೇಟರ್ ಮೇಲಿದ್ದಾರೆ, ಡಾಕ್ಟರು ಹೊರಗೆ ಬಂದು "ಮುಂದ ಏನ್ ಮಾಡೋಣ್ರಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವನ್ನು ಹಿರಿಯರೇ, ಬುದ್ಧಿ ನೆಟ್ಟಗಿರುವಾಗ, ಬರೆದಿಡಲು ಕಾನೂನು ಕೊಟ್ಟ ಸೌಲಭ್ಯವೇ ಮುಂಗಡ ವೈದ್ಯಕೀಯ ನಿರ್ದೇಶನ. ಸುಪ್ರೀಂ ಕೋರ್ಟ್ ಇದಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಮೇಲುಸಹಿ ಕಡ್ಡಾಯವಿತ್ತು, ಸಾಮಾನ್ಯರಿಗೆ ಅದು ದೂರದ ಮಾತು. 2023ರ ಜನವರಿಯಲ್ಲಿ ನ್ಯಾಯಾಲಯವೇ ಆ ಷರತ್ತು ಸಡಿಲಿಸಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಜಾರಿಯ ಸುತ್ತೋಲೆ ಹೊರಡಿಸಿತು. ಈಗ ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಮುಂಜಾನೆಯಲ್ಲಿ ಕಾಗದದ ಕೆಲಸ ಮುಗಿಸಬಹುದು. ಮುಗಿದ ಕಾಗದ ಬೇಕಾದ ದಿನ ನಡೆಯುತ್ತದೋ ಇಲ್ಲವೋ ಎನ್ನುವುದು ಮಾತ್ರ ಬರೆದ ರೀತಿಯ ಮೇಲೆ, ಕೊಟ್ಟ ಜಾಗದ ಮೇಲೆ ನಿಂತಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಇದು ದಯಾಮರಣದ ಇಂಜೆಕ್ಷನ್ ಅಲ್ಲ. ಅದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಜೀವ ಎಳೆಯುವ ಚಿಕಿತ್ಸೆಯನ್ನು ಶುರು ಮಾಡಬೇಡಿ, ಶುರುವಾಗಿದ್ದರೆ ನಿಲ್ಲಿಸಿ ಎಂದಷ್ಟೇ ಇಲ್ಲಿ ಹೇಳುವುದು. ನೋವು, ಉಬ್ಬಸ ಕಡಿಮೆ ಮಾಡುವ ಆರೈಕೆ ಕೊನೆಯತನಕ ನಡೆಯುತ್ತದೆ. ಇದನ್ನು ಕಾಗದದಲ್ಲೂ ಒಂದು ಸಾಲಾಗಿ ಬರೆಸಿರಿ, ಮನೆಮಂದಿಗೆ ಆ ಸಾಲೇ ದೊಡ್ಡ ಸಮಾಧಾನ.

ಬರೆಯುವವರು 18 ತುಂಬಿದವರು, ಸ್ವಸ್ಥಚಿತ್ತರು ಆಗಿರಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ, ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಸಾಕ್ಷಿಗಳು ಮನೆಯ ಹೊರಗಿನವರಾಗಿದ್ದರೆ ಒಳ್ಳೆಯದು. ಬಾಂಡ್ ಪೇಪರ್ ಬೇಕೇಬೇಕು ಎಂದು ಯಾರಾದರೂ ಹೇಳಿದರೆ ಕೇಳಿ ನೋಡಿರಿ, ತೀರ್ಪಿನ ಷರತ್ತುಗಳಲ್ಲಿ ಅದಿಲ್ಲ.

ಹೆಚ್ಚು ಕಾಗದಗಳು ಸೋಲುವುದು ಒಳಗಿನ ಮಾತಿನಲ್ಲಿ. "ನನಗೆ ತ್ರಾಸು ಕೊಡಬ್ಯಾಡ್ರಿ" ಎಂದು ಬರೆದರೆ ಡಾಕ್ಟರಿಗೆ ಅದರಿಂದ ಏನೂ ತಿಳಿಯದು. ನಿರ್ದೇಶನ ಅಸ್ಪಷ್ಟವಾಗಿದ್ದರೆ ವೈದ್ಯಕೀಯ ಮಂಡಳಿ, ಅಂದರೆ ಅದನ್ನು ಪರಿಶೀಲಿಸುವ ವೈದ್ಯರ ತಂಡ, ಜಾರಿ ಮಾಡಕೂಡದು ಎಂದು ನ್ಯಾಯಾಲಯವೇ ಹೇಳಿದೆ. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಬರೆಯಬೇಕು: ವೆಂಟಿಲೇಟರ್, ಡಯಾಲಿಸಿಸ್, ಹೃದಯ ನಿಂತಾಗ ಎದೆ ಒತ್ತುವುದು, ಮೂಗಿನ ನಳಿಗೆಯ ಆಹಾರ. ಯಾವ ಸ್ಥಿತಿಯಲ್ಲಿ ಬೇಡ ಎಂಬುದನ್ನೂ ಜೋಡಿಸಬೇಕು. ನ್ಯುಮೋನಿಯಾ ಬಂದು ನಾಲ್ಕು ದಿನದ ವೆಂಟಿಲೇಟರಿನಿಂದ ಎದ್ದು ಕೂರುವ ಮನುಷ್ಯನಿಗೂ ಬೇಡ ಎಂದು ಅರ್ಥ ಬರುವಂತೆ ಬರೆದರೆ ಅನಾಹುತ. ಕುಟುಂಬದ ಡಾಕ್ಟರ ಹತ್ತಿರ ಅರ್ಧ ತಾಸು ಕೂತು ಕರಡು ಮಾಡಿ, ವಕೀಲರ ಹತ್ತಿರ ಆಮೇಲೆ ಹೋಗುವುದೇ ಸರಿಯಾದ ಕ್ರಮ.

ಇದನ್ನು ಮೃತ್ಯುಪತ್ರದೊಳಗೆ ಸೇರಿಸಬೇಡಿರಿ. ಮೃತ್ಯುಪತ್ರ ತೆಗೆಯುವುದು ಮಣ್ಣು ಮುಗಿದ ಮೇಲೆ, ಈ ಕಾಗದ ಬೇಕಾಗುವುದು ಅದಕ್ಕೂ ಮೊದಲು.

ನಿಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲೇ ಹಾಕಬೇಕು. ಇಬ್ಬರನ್ನು ಹಾಕಿರಿ, ಅವರಲ್ಲಿ ಒಬ್ಬರಾದರೂ ಊರಲ್ಲೇ ಇರುವವರಾಗಲಿ. ನೀವು ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ ಮಂಡಳಿ ಒಪ್ಪಿಗೆ ಕೇಳುವುದು ಇವರನ್ನೇ. ಹಿರೀಮಗ ಪುಣೆಯಲ್ಲಿ, ಹೆಸರಿರುವುದು ಅವನೊಬ್ಬನದೇ, ಆಸ್ಪತ್ರೆಯಲ್ಲಿ ನಿಂತವಳು ಏನೂ ಗೊತ್ತಿಲ್ಲದ ಮಗಳು ಎಂದಾದರೆ ಕಾಗದವಿದ್ದೂ ಜಗಳ ತಪ್ಪುವುದಿಲ್ಲ. ಹೆಸರಿಸಿದವರಿಗೂ ಹೆಸರಿಸದ ಮಕ್ಕಳಿಗೂ ಒಂದೇ ದಿನ, ಒಂದೇ ಕಡೆ ಕೂಡಿಸಿ ಓದಿ ಹೇಳಿರಿ.

ಈ ಸೌಲಭ್ಯದ ದುರ್ಬಲ ಕೊಂಡಿ ಪ್ರತಿ ಸಲ್ಲಿಸುವ ಹಂತ. ಒಂದು ಪ್ರತಿ ಸ್ಥಳೀಯ ಸಂಸ್ಥೆಗೆ ಹೋಗಬೇಕು: ಹುಬ್ಬಳ್ಳಿ-ಧಾರವಾಡದವರಿಗೆ ಮಹಾನಗರ ಪಾಲಿಕೆ, ಗದಗ, ಹಾವೇರಿ ಪಟ್ಟಣದವರಿಗೆ ನಗರಸಭೆ, ಹಳ್ಳಿಯವರಿಗೆ ಗ್ರಾಮ ಪಂಚಾಯತಿ. ಅದನ್ನು ಜೋಪಾನ ಮಾಡುವ ಅಧಿಕಾರಿಯನ್ನು ಸಂಸ್ಥೆಯೇ ನೇಮಿಸಬೇಕು. ಕಾಗದ ಖರೆ ಇದೆಯೇ ಎಂದು ಆಸ್ಪತ್ರೆ ವಿಚಾರಿಸುವುದು ಆ ಅಧಿಕಾರಿಯನ್ನು, ಇಲ್ಲವೇ ನಿಮ್ಮ ಡಿಜಿಟಲ್ ಆರೋಗ್ಯ ದಾಖಲೆಯನ್ನು. ಕೌಂಟರಿನಲ್ಲಿ ಕೂತವರಿಗೆ ಇದರ ಹೆಸರೇ ಹೊಸದಾಗಿರಬಹುದು. ಸಿಟ್ಟಾಗದೆ, ಎರಡು ಪ್ರತಿ ಅರ್ಜಿಯ ಜೊತೆ ಟಪಾಲು ವಿಭಾಗದಲ್ಲಿ ಕೊಟ್ಟು, ಒಂದರ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಿರಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಮೂಲಪ್ರತಿಗೆ ಹಚ್ಚಿರಿ. ಇನ್ನೊಂದು ಪ್ರತಿ ಕುಟುಂಬದ ಡಾಕ್ಟರಿಗೆ, ಒಂದೊಂದು ಹೆಸರಿಸಿದವರಿಗೆ. ಮೂಲವನ್ನು ಬ್ಯಾಂಕ್ ಲಾಕರಿನಲ್ಲಿ ಇಟ್ಟರೆ ರವಿವಾರ ರಾತ್ರಿ ಯಾರಿಗೂ ಸಿಗುವುದಿಲ್ಲ.

ಆಸ್ಪತ್ರೆಯೊಳಗೆ ಎರಡು ಮಂಡಳಿಗಳಿವೆ. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಮತ್ತಿಬ್ಬರು ಬೇರೆ ತಜ್ಞರು. ಒಂದೊಂದೂ ಸಾಧ್ಯವಾದಷ್ಟು 48 ತಾಸಿನೊಳಗೆ ಅಭಿಪ್ರಾಯ ಕೊಡಬೇಕು. ಜಾರಿಗೆ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಂದರೆ ಕಾಗದ ತೋರಿಸಿದ ತಕ್ಷಣ ಏನೂ ಆಗದು, ನಾಲ್ಕೈದು ದಿನ ಹಿಡಿಯಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಮನಸ್ಸು ಬದಲಾದರೆ ಬರಹದಲ್ಲಿ ರದ್ದು ಮಾಡಬಹುದು. ಎರಡು ನಿರ್ದೇಶನಗಳಿದ್ದರೆ ಕೊನೆಯದಾಗಿ ಸಹಿಯಾದದ್ದೇ ನಡೆಯುತ್ತದೆ.

ಕಾಗದ ಮಾಡದ ಕೆಲಸವೂ ಒಂದಿದೆ. "ನಾವ ತೆಗೀರಿ ಅಂದ್ವಲ್ಲ" ಎಂಬ ಕುದಿತ ಒಪ್ಪಿಗೆ ಕೊಟ್ಟವರೊಳಗೆ ಉಳಿಯುತ್ತದೆ. ಹನ್ನೊಂದನೆಯ ದಿನದವರೆಗೆ ಮಾತಾಡಿಸಿ ಹೋಗುವ ಮಂದಿ ಇರುತ್ತಾರೆ, ಆಮೇಲೆ ಮನೆ ಖಾಲಿ. ಆ ಹೊತ್ತಿಗೆ 14416 ನಂಬರು ಒಳ್ಳೆಯ ಆಸರೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು: ಹಗಲೂ ರಾತ್ರಿ, ಉಚಿತ, ಭಾಷೆ ಆರಿಸುವಾಗ ಕನ್ನಡ ಒತ್ತಿದರೆ ಸಲಹೆಗಾರರು ಸಿಗುತ್ತಾರೆ, ಬೇಕಾದರೆ ಮನೋವೈದ್ಯರ ಕಡೆ ದಾಟಿಸುತ್ತಾರೆ. ಆರು ತಿಂಗಳು ದಾಟಿದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ ಫೋನಷ್ಟೇ ಸಾಲದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿರಿ. ಸಾಯುವ ಮಾತು ಬಾಯಲ್ಲಿ ಬಂದರೆ ಆರು ತಿಂಗಳಲ್ಲ, ಆರು ತಾಸೂ ಕಾಯಬೇಡಿರಿ.