ಜೀನ್ಸ್ ಶೆಡ್ಡಿನಲ್ಲಿ ಗೆದ್ದ ಹಾಡುಗಳು: ನನ್ನ 2023ರ ಪಟ್ಟಿ

ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಶೆಡ್ಡಿನಲ್ಲಿ ಸ್ಪೀಕರ್ ನನ್ನದು, ಹಾಡು ಮಾತ್ರ ಎಲ್ಲರದ್ದು. ಅರ್ಧ ಜನಕ್ಕೆ ಕನ್ನಡ ಬೇಕು, ಇನ್ನರ್ಧ ಜನಕ್ಕೆ ತೆಲುಗು. ಮೇಲಿಂದ ಓವರ್‌ಲಾಕ್ ಮಶಿನ್‌ಗಳ ಗದ್ದಲ. ಮೆಲುದನಿಯ ಹಾಡು ಹಾಕಿದರೆ ಯಾರ ಕಿವಿಗೂ ಬೀಳಲ್ಲ. ಹಾಗಾಗಿ ಕೆಲವು ಆಲ್ಬಮ್‌ಗಳನ್ನು ಶೆಡ್ಡಿನಲ್ಲಿ ಕೇಳಿದೆ, ಕೆಲವನ್ನು ರಾತ್ರಿ ಮಾಳಿಗೆ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ.

ಶೆಡ್ಡಿನಲ್ಲಿ ಈ ವರ್ಷ ಗೆದ್ದಿದ್ದು ತೆಲುಗು ಸಿನಿಮಾ ‘ಬಲಗಂ’. ಭೀಮ್ಸ್ ಸಿಸಿರೋಲಿಯೊ ಸಂಗೀತ. ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ರಾಮ್ ಮಿರಿಯಾಲ, ಮಂಗ್ಲಿ ಹಾಡಿರುವ ‘ಊರು ಪಲ್ಲೆಟೂರು’. ಅದೇನೋ ಎಲ್ಲರಿಗೂ ಇಷ್ಟ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕೊನೆಯ ಹಾಡು. ಮನೆಯ ಯಜಮಾನ ತೀರಿಕೊಂಡಿದ್ದಾನೆ, ಪಿಂಡವನ್ನು ಕಾಗೆ ಮುಟ್ಟುತ್ತಿಲ್ಲ, ಮಕ್ಕಳ ನಡುವೆ ಜಗಳ. ಆಗ ಊರೂರು ಸುತ್ತಿ ಕಥೆಯನ್ನು ಹಾಡಿ ಹೇಳುವ ಬುರ್ರಕಥೆಯವರು ಬಂದು ಹಾಡುತ್ತಾರೆ. ಹಾಡಿರುವ ಮೊಗಿಲಯ್ಯ, ಕೊಮುರಮ್ಮ ದಂಪತಿ ನಿಜವಾಗಿಯೂ ಬುರ್ರಕಥೆ ಕಲಾವಿದರೇ. ಒರಟು ದನಿ, ಅಳುವನ್ನು ಮುಚ್ಚಿಡಲ್ಲ. ಮೊದಲ ಸಲ ಹಾಕಿದಾಗ ಬೆಲ್ಟ್ ಲೂಪ್ ಹೊಲಿಯುವ ಅಕ್ಕ ಪೆಡಲ್ ಮೇಲಿಂದ ಕಾಲು ತೆಗೆದು, “ಅಣ್ಣಾ, ಸೌಂಡ್ ಸ್ವಲ್ಪ ಜಾಸ್ತಿ ಇಡ್ರಿ” ಅಂದರು. ಪೀಸ್ ಲೆಕ್ಕದಲ್ಲಿ ದುಡಿಯುವವರು ಕೈ ನಿಲ್ಲಿಸೋದು ಅಂದರೆ ಸುಮ್ನೆ ಮಾತಲ್ಲ.

ನಮಗೆ ಈ ಕಲೆ ಹೊಸದೇನೂ ಅಲ್ಲ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ 2014ರಲ್ಲಿ ತೀರಿಕೊಳ್ಳುವವರೆಗೂ ಈ ಜಿಲ್ಲೆಯ ಹೆಮ್ಮೆ. ಬುರ್ರಕಥಾ ಈರಮ್ಮ ಅಂತಲೇ ಜನ ಕರೆಯುತ್ತಿದ್ದರು. ಕನ್ನಡದಲ್ಲೂ ಯಾರಾದರೂ ಹೀಗೊಂದು ಕ್ಲೈಮ್ಯಾಕ್ಸ್ ಮಾಡಬಾರದಾ ಅಂತ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮಾಳಿಗೆಯ ಪಟ್ಟಿಯಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ – ಸೈಡ್ ಎ’ಗೆ ಸಾಟಿಯಿಲ್ಲ. ಈಗೆಲ್ಲ ಸಿನಿಮಾ ಹಾಡುಗಳು ಒಂದೊಂದಾಗಿ ಯೂಟ್ಯೂಬಿಗೆ ಬರುತ್ತವೆ. ಕೊನೆಯದು ಬರುವಷ್ಟರಲ್ಲಿ ಮೊದಲನೆಯದು ತಂಗಳಾಗಿರುತ್ತದೆ. ಚರಣ್ ರಾಜ್ ಕೊಟ್ಟ ಈ ಹಾಡುಗಳನ್ನು ಮಾತ್ರ ಒಂದರ ಹಿಂದೆ ಒಂದು ಕೇಳಬೇಕು, ಆಗಲೇ ರುಚಿ. ಕಪಿಲ್ ಕಪಿಲನ್ ಹಾಡಿದ ಶೀರ್ಷಿಕೆ ಗೀತೆಗೆ ಆತುರವೇ ಇಲ್ಲ. ಸಿನಿಮಾದ ಜೋಡಿ ಮನು, ಪ್ರಿಯಾರ ಪ್ರೀತಿ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಹಾಕುತ್ತೀನಿ. ಶೆಡ್ಡಿನಲ್ಲಿ ಒಮ್ಮೆ ಹಾಕಿ ನೋಡಿದೆ, “ನಿದ್ದೆ ಬರ್ತದ ಅಣ್ಣಾ” ಅಂತ ಕಟಿಂಗ್ ಹುಡುಗ ಫೋನ್ ಕಿತ್ತುಕೊಂಡ. ನವೆಂಬರ್ 17ಕ್ಕೆ ಬಂದ ‘ಸೈಡ್ ಬಿ’ ನನಗೆ ಅಷ್ಟು ಹಿಡಿಸಲಿಲ್ಲ. ಸಿನಿಮಾ ನೋಡುವಾಗ ಸರಿ, ಬರೀ ಹಾಡಾಗಿ ಭಾರ.

ಬಿಂದುಮಾಲಿನಿ ಸಂಗೀತದ ‘ಆಚಾರ್ & ಕೋ’ ಹಳೆಯ ಬೆಂಗಳೂರಿನ ದೊಡ್ಡ ಕುಟುಂಬದ ಸಿನಿಮಾ. ಅದನ್ನು ಫೋನ್ ಸ್ಪೀಕರಿನಲ್ಲಿ ಕೇಳಿ ಕೆಡಿಸಬೇಡಿ. ವಾಸುಕಿ ವೈಭವ್ ಅವರ ‘ಟಗರು ಪಲ್ಯ’ ಚೆನ್ನಾಗಿದೆ, ಎರಡೂ ಕಡೆ ನಡೆಯುತ್ತೆ.

‘ಕಾಟೇರ’ ಬಂದಿದ್ದು ಡಿಸೆಂಬರ್ 29ಕ್ಕೆ. ಹರಿಕೃಷ್ಣ ಅವರ ‘ಪಸಂದಾಗವ್ನೆ’ ಆಗಲೇ ಶೆಡ್ಡಿಗೆ ನುಗ್ಗಿದೆ, ಕಟಿಂಗ್ ಹುಡುಗನ ರಿಂಗ್‌ಟೋನ್ ಕೂಡ ಅದೇ. ನನ್ನ ಪಟ್ಟಿಗೆ ಈಗಲೇ ಸೇರಿಸಲ್ಲ. ಸಂಕ್ರಾಂತಿ ಕಳೆದ ಮೇಲೂ ಹಾಕು ಅಂತ ಕೇಳಿದರೆ ನೋಡೋಣ.