ಮೇಲ್ಗಡೆ ಮನೆಯನ್ನು ದಿನದ ಬಾಡಿಗೆಗೆ ಬಿಡಲು ಹೊರಟವರು ಇದನ್ನೊಮ್ಮೆ ಓದಿ

ಮೈಸೂರಿನ ಗೋಕುಲಂ, ಜಯಲಕ್ಷ್ಮೀಪುರಂ ಕಡೆ ಸ್ವಂತ ಮನೆ ಕಟ್ಟಿಸಿ ಮಹಡಿಯನ್ನು ಬಾಡಿಗೆಗೆ ಕೊಟ್ಟವರಿಗೆಲ್ಲ ಈಗೀಗ ಇಂಥ ಫೋನ್ ಬರುತ್ತಿದೆ. “ತಿಂಗಳಿಗೆ ಹದಿನೆಂಟು ಸಾವಿರಕ್ಕೆ ಯಾಕ್ ಸಾರ್ ಕೊಟ್ಟಿದೀರ? ದಿನಕ್ಕೆ ಮೂರು ಸಾವಿರ ತರಿಸಿಕೊಡ್ತೀವಿ. ಕೀ ನಮ್ಮ ಕೈಗೆ ಕೊಡಿ, ದುಡ್ಡು ನಿಮ್ಮ ಅಕೌಂಟಿಗೆ ಬೀಳುತ್ತೆ.” ಹೀಗೆ ಮನೆಗಳನ್ನು ವಹಿಸಿಕೊಂಡು ನಡೆಸುವ ಕಂಪನಿಯೊಂದು ನಮ್ಮ ಅಪ್ಪನಿಗೂ ಇದನ್ನೇ ಹೇಳಿತು, ನಾವೂ ಒಪ್ಪಿದೆವು. ಅಪ್ಪ-ಅಮ್ಮ ಕೆಳಗಡೆ ಇರುತ್ತಾರೆ, ಲೆಕ್ಕ ನೋಡಿಕೊಳ್ಳುವವಳು ನಾನು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಮೊದಲ ಪೆಟ್ಟು ಬೀಳುವುದು ಬಾಡಿಗೆದಾರರನ್ನು ಬಿಡಿಸುವ ದಿನವೇ. ನಮ್ಮಲ್ಲಿದ್ದದ್ದು ಮೇಷ್ಟ್ರ ಸಂಸಾರ. ಒಂದೇ ಒಂದು ತಿಂಗಳೂ ಬಾಡಿಗೆ ತಡ ಮಾಡಿದವರಲ್ಲ. ಅವರ ಅಡ್ವಾನ್ಸ್ ಒಂದೂವರೆ ಲಕ್ಷ ಒಂದೇ ಸಲಕ್ಕೆ ಕೈಬಿಟ್ಟು ಹೋಯಿತು. ದಿನದ ಲೆಕ್ಕದಲ್ಲಿ ಬರುವ ಅತಿಥಿ ಅಡ್ವಾನ್ಸ್ ಕೊಡುವುದಿಲ್ಲವಲ್ಲ. ಅದರ ಮೇಲೆ ಮಂಚ, ಹಾಸಿಗೆ, ಎರಡು ಏಸಿ, ಸೋಫಾ, ಟಿವಿ, ಫ್ರಿಜ್, ಪಾತ್ರೆ ಪಗಡ. ಎಲ್ಲಕ್ಕೂ ಸಾಲ, ತಿಂಗಳ ಕಂತು ಒಂಬತ್ತು ಸಾವಿರ.

ದಸರಾ ತಿಂಗಳು ಚೆನ್ನಾಗಿ ಬಂತು, ಸುಳ್ಳು ಹೇಳಬಾರದು. ಕ್ರಿಸ್‌ಮಸ್ ರಜೆಯೂ ಪರವಾಗಿಲ್ಲ. ಆ ತಿಂಗಳ ಸ್ಕ್ರೀನ್‌ಶಾಟನ್ನೇ ಕಂಪನಿಯವರು ಈಗ ಬೇರೆ ಮನೆಯವರಿಗೆ ತೋರಿಸುತ್ತಿದ್ದಾರಂತೆ. ಆಷಾಢದ ಒಂದು ತಿಂಗಳಿನದು ಯಾರಿಗೂ ತೋರಿಸುವುದಿಲ್ಲ, ಅದನ್ನು ನಾನು ಹೇಳುತ್ತೇನೆ: ಬುಕಿಂಗ್‌ನಿಂದ ಬಂದದ್ದು 34,000 ರೂ. ಅದರಲ್ಲಿ ಕಂಪನಿಯ ಪಾಲು 8,500, ಬುಕಿಂಗ್ ನಡೆಯುವ ಆ್ಯಪ್‌ನ ಕಮಿಷನ್ 5,100, ಕ್ಲೀನಿಂಗ್ ಮತ್ತು ಬೆಡ್‌ಶೀಟ್ ಒಗೆತ 6,200, ಕರೆಂಟು 4,900, ನೀರು, ಗ್ಯಾಸು, ಇಂಟರ್‌ನೆಟ್ಟು, ಸೋಪು ಎಲ್ಲ ಸೇರಿ 1,900. ಉಳಿದದ್ದು 7,400. ಕಂತಿಗೂ ಸಾಲದು. ಮೇಷ್ಟ್ರು ಕೊಡುತ್ತಿದ್ದ ಹದಿನೆಂಟು ಸಾವಿರದಲ್ಲಿ ಖರ್ಚೇ ಇರಲಿಲ್ಲ. ಕರೆಂಟು ಅವರದೇ, ಅದೂ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ಸೊನ್ನೆ ಬಿಲ್ಲು.

ಕರೆಂಟಿನ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಮನೆಬಳಕೆಯ ಮೀಟರಿನಲ್ಲಿ ದಿನದ ಬಾಡಿಗೆ ನಡೆಸುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟರು. (ಯಾರೆಂದು ಗೊತ್ತು. ರಾತ್ರಿ ಒಂದೂವರೆಗೆ ಅವರ ಗೇಟಿನ ಮುಂದೆ ಬೇರೆ ಊರಿನ ಕಾರು ನಿಲ್ಲಿಸಿ ಹಾಡು ಹಾಕಿದರೆ ನಾನೂ ಕೊಡುತ್ತಿದ್ದೆ.) ಪರಿಶೀಲನೆಗೆ ಬಂದವರು ತೋರಿಸಿದ್ದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮು. ಒಂದು ಉದ್ದೇಶಕ್ಕೆ ಪಡೆದ ಸಂಪರ್ಕವನ್ನು ಇನ್ನೊಂದಕ್ಕೆ ಬಳಸಿದರೆ ಅನಧಿಕೃತ ಬಳಕೆ. ಅನ್ವಯಿಸುವ ದರದ ಎರಡರಷ್ಟು ವಸೂಲಿ. ಯಾವಾಗಿನಿಂದ ಎಂದು ತಿಳಿಯದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಬಹುದು. ಬಿಲ್ಲು ಬಂದದ್ದು ಅಪ್ಪನ ಹೆಸರಿಗೆ. ಕಂಪನಿಗೆ ಫೋನ್ ಮಾಡಿದರೆ “ಯುಟಿಲಿಟಿ ಎಲ್ಲ ಓನರ್ ಜವಾಬ್ದಾರಿ ಮೇಡಂ, ಅಗ್ರಿಮೆಂಟ್ ನೋಡಿ” ಎಂದರು.

ತೆರಿಗೆಯಲ್ಲೂ ಇದೇ ಕಥೆ. ತಿಂಗಳ ಬಾಡಿಗೆ ಮನೆಯಿಂದ ಬಂದ ವರಮಾನ. ಯಾವ ರಸೀದಿಯೂ ಇಲ್ಲದೆ ಶೇ 30ರಷ್ಟು ಕಳೆಯಲು ಬಿಡುತ್ತಾರೆ. ಹೋಟೆಲಿನಂತೆ ದಿನದ ಲೆಕ್ಕದಲ್ಲಿ ಸೇವೆಸಮೇತ ಕೊಟ್ಟರೆ ಅದು ವ್ಯಾಪಾರ. ಆ ಶೇ 30 ಹೋಯಿತು, ದೋಬಿಯ ಚೀಟಿಯನ್ನೂ ಜೋಪಾನ ಮಾಡಬೇಕು. ಜಿಎಸ್‌ಟಿಯೂ ಹಾಗೇ. ಸಂಸಾರಕ್ಕೆ ವಾಸಕ್ಕೆ ಕೊಟ್ಟ ಮನೆಗೆ ಇಲ್ಲ. ದಿನದ ಬಾಡಿಗೆಗೆ ಇದೆ. “ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನಿಮಗೆ ಅನ್ವಯಿಸಲ್ಲ” ಎನ್ನುತ್ತಾರೆ. ನಾವು ನೋಂದಣಿ ಮಾಡಿಸಬೇಕಿಲ್ಲ ಎನ್ನುವಷ್ಟು ನಿಜ. ಆಗ ಆ್ಯಪ್‌ನವರೇ ಅತಿಥಿಯಿಂದ ವಸೂಲಿ ಮಾಡಿ ಕಟ್ಟುತ್ತಾರೆ. ದಿನಕ್ಕೆ 7,500 ರೂ. ಮೀರದ ಕೋಣೆಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ, ಅಷ್ಟೇ ಸಮಾಧಾನ.

ನನಗೆ ನಿದ್ದೆ ಕೆಡಿಸಿದ್ದು ಮಾತ್ರ ಬೇರೆ. ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ವಿದೇಶಿಯರು ಬರುತ್ತಾರಲ್ಲ, ಅವರು ತಂಗಿದ 24 ಗಂಟೆಯೊಳಗೆ ಅವರ ವಿವರ ಕೊಡುವ ‘ಫಾರ್ಮ್ III’ (ಮೊದಲು ‘ಫಾರ್ಮ್ ಸಿ’ ಎನ್ನುತ್ತಿದ್ದದ್ದು) ಆನ್‌ಲೈನಿನಲ್ಲಿ ಸಲ್ಲಿಸಬೇಕು. ಹಣ ಪಡೆದರೂ ಪಡೆಯದಿದ್ದರೂ, ಇಳಿಸಿಕೊಂಡವರ ಹೊಣೆ ಅದು. ಕಂಪನಿ “ನಾವೇ ಮಾಡ್ತೀವಿ” ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದುಕೊಟ್ಟಿತ್ತು. ಒಂದನ್ನೂ ಮಾಡಿರಲಿಲ್ಲ. ಠಾಣೆಯಿಂದ ವಿಚಾರಿಸಲು ಬಂದಾಗ ಬಾಗಿಲು ತೆಗೆದವರು ಎಪ್ಪತ್ತು ದಾಟಿದ ನಮ್ಮಮ್ಮ. ಮೇಲೆ ಯಾರಿದ್ದಾರೆ, ಯಾವ ದೇಶದವರು, ಯಾವಾಗ ಬಂದರು ಅಂದರೆ ಅವರೇನು ಹೇಳಬೇಕು? ಬಾಗಿಲಿಗೆ ನಂಬರ್ ಲಾಕ್ ಹಾಕಿದ್ದರಿಂದ ಬಂದವರ ಮುಖವನ್ನೇ ಅವರು ನೋಡಿರಲಿಲ್ಲ.

ಹೋಂಸ್ಟೇ ಎಂದು ನೋಂದಾಯಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಆರು ಕೋಣೆ, ಹನ್ನೆರಡು ಹಾಸಿಗೆಯ ಮಿತಿ ಇದೆ, ಜೊತೆಗೆ ಮಾಲೀಕರ ಸಂಸಾರ ಅಲ್ಲೇ ವಾಸವಿರಬೇಕು. ಬೆಂಗಳೂರಲ್ಲೋ ಅಮೆರಿಕದಲ್ಲೋ ಕೂತು ಬೀಗ ಹಾಕಿದ ಫ್ಲ್ಯಾಟನ್ನು ಹೋಂಸ್ಟೇ ಮಾಡುತ್ತೇವೆ ಅನ್ನುವವರಿಗೆ ಅದು ದಕ್ಕುವುದಿಲ್ಲ.

ಇನ್ನು ಅಗ್ರಿಮೆಂಟು. ಬ್ರೋಶರ್‌ನಲ್ಲಿದ್ದ ‘ಗ್ಯಾರಂಟಿ ಆದಾಯ’ ಒಳಗಿನ ಪುಟದಲ್ಲಿ ‘ಅಂದಾಜು’ ಆಗಿತ್ತು. ಮೂರು ವರ್ಷದ ಲಾಕ್-ಇನ್, ನಡುವೆ ಬಿಟ್ಟರೆ ದಂಡ. ಎಲ್ಲಕ್ಕಿಂತ ಜಾಣತನದ್ದು ಆ್ಯಪ್‌ನ ಖಾತೆ: ಅದು ಅವರ ಹೆಸರಿನಲ್ಲಿ. ಹಣ ಮೊದಲು ಅವರಿಗೆ, ಆಮೇಲೆ ನಮಗೆ. ಅತಿಥಿಗಳು ಬರೆದ ಒಳ್ಳೆ ಮಾತೂ ಅವರ ಆಸ್ತಿ. ಒಬ್ಬ ಬಾತ್‌ರೂಮಿನ ವಾಷ್‌ಬೇಸಿನ್ ಒಡೆದು ಹೋದಾಗ ಪರಿಹಾರ ಕೇಳುವ ಹಕ್ಕೂ ಖಾತೆದಾರರದ್ದೇ. ಅವರು ಕೇಳಿದರಂತೆ, ಬಂತಂತೆ, ನಮಗೆ ಮಾತ್ರ ತಲುಪಲಿಲ್ಲ. ಈಗ ವಕೀಲರ ಮೂಲಕ ನೋಟಿಸ್ ಕೊಟ್ಟಿದ್ದೇವೆ.

ಮೇಷ್ಟ್ರು ಬೋಗಾದಿ ಕಡೆ ಮನೆ ಮಾಡಿದ್ದಾರೆ, ವಾಪಸ್ ಬರುವ ಮಾತಿಲ್ಲ.

ಇಷ್ಟಾದರೂ ಮಾಡಲೇಬೇಕು ಅನ್ನುವವರು ಆ್ಯಪ್‌ನ ಖಾತೆ, ಬ್ಯಾಂಕ್ ನಂಬರ್ ಎರಡೂ ನಿಮ್ಮ ಹೆಸರಿನಲ್ಲಿರಲಿ. ಕಂಪನಿಗೆ ನೋಡಿಕೊಳ್ಳುವ ಅಧಿಕಾರ ಮಾತ್ರ ಕೊಡಿ. ಜೂನ್, ಜುಲೈ ತಿಂಗಳ ಲೆಕ್ಕ ತೋರಿಸಿ ಅನ್ನಿ, ದಸರಾದ್ದು ಬೇಡ. ಅಪಾರ್ಟ್‌ಮೆಂಟಾದರೆ ಸಂಘದ ಬೈಲಾದಲ್ಲಿ ‘ವಾಸಕ್ಕೆ ಮಾತ್ರ’ ಎಂದಿದೆಯೇ ನೋಡಿ. ನಾವು ಈಗ ಅದೇ ಸಾಮಾನು ಸಮೇತ ತಿಂಗಳ ಲೆಕ್ಕದಲ್ಲಿ, ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ, ಯೋಗಕ್ಕೆ ಬರುವವರಿಗೆ ಕೊಡಲು ನೋಡುತ್ತಿದ್ದೇವೆ. ಅದಕ್ಕೂ ಫಾರ್ಮ್ III ತಪ್ಪಿದ್ದಲ್ಲ. ಅದರ ಲಾಗಿನ್ ಈಗ ನನ್ನ ಹತ್ತಿರವೇ ಇದೆ.